ಉಚಿತ ಪ್ರವೇಶ: ಬೆಲೆ ತೆತ್ತವರು ಯಾರು?

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಸಿಕ್ಕಿದ್ದನ್ನು ಅಳೆದು ನೋಡುವುದು ಕೃತಘ್ನತೆ ಎಂಬುದು ಅದರ ತಾತ್ಪರ್ಯ. ಕೊಟ್ಟವನ ಮನಸ್ಸನ್ನು ನೆನೆಯಬೇಕೇ ಹೊರತು ಬಟ್ಟೆಯ ಉದ್ದವನ್ನು ಲೆಕ್ಕ ಹಾಕಬಾರದು. ಸಾಮಾನ್ಯ ಸಂದರ್ಭಗಳಲ್ಲಿ ಇದು ಒಪ್ಪತಕ್ಕ ಮಾತೇ. ಆದರೆ ಆ ದಟ್ಟಿ ಕೊಟ್ಟವನದೇ ಆಗಿತ್ತೇ ಅಥವಾ ಇನ್ನಾರದೋ ಮೈಮೇಲಿಂದ ಎಳೆದು ತಂದದ್ದೇ ಎಂಬ ಅನುಮಾನ ಬಂದಾಗ ನಾವೇನು ಮಾಡಬೇಕು? ಆಗಲೂ ಮೊಳ ಹಾಕದೆ ಉಟ್ಟುಕೊಂಡು ಸುಮ್ಮನಿರುವುದು ಕೃತಜ್ಞತೆಯೇ? ಅಥವಾ ಆ ಎಳೆದಾಟದಲ್ಲಿ ನಾವೂ ಒಂದು ಕೈ ಹಾಕಿದಂತಾಗುತ್ತದೆಯೇ?

ಈ ಪ್ರಶ್ನೆಯನ್ನು ನಾವಿಲ್ಲಿ ಎತ್ತುತ್ತಿರುವುದು ಒಂದು ಕಲಾ ಮ್ಯೂಸಿಯಮ್ಮಿನ ನೆಪದಲ್ಲಿ. ಅದು ದೂರದ ಸ್ಕಾಟ್ಲೆಂಡಿನಲ್ಲಿದೆ. ಆದರೆ ಅದರ ಹೊಸ್ತಿಲಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ. ಆ ನಂಟಿನಿಂದಾಗಿ ಈ ಪ್ರಶ್ನೆ ಸ್ಕಾಟ್ಲೆಂಡಿನವರ ಪ್ರಶ್ನೆಯಾಗಿಯೇ ಉಳಿಯದೆ ನಮ್ಮದೂ ಆಗುತ್ತದೆ.

ಟಿಕೆಟ್ ಇಲ್ಲದ ಬಾಗಿಲು

ಗ್ಲಾಸ್ಗೋ ಸ್ಕಾಟ್ಲೆಂಡಿನ ಅತಿ ದೊಡ್ಡ ನಗರ. ಅದರ ನಡುಮಧ್ಯದ ರಾಯಲ್ ಎಕ್ಸ್‌ಚೇಂಜ್ ಚೌಕದಲ್ಲಿ ‘ಗ್ಯಾಲರಿ ಆಫ್ ಮಾಡರ್ನ್ ಆರ್ಟ್’ ಇದೆ. ಊರಿನವರು ಮೊದಲಕ್ಷರಗಳನ್ನು ಕೂಡಿಸಿ ‘ಗೋಮಾ’ ಎನ್ನುತ್ತಾರೆ. 1996ರಲ್ಲಿ ತೆರೆದ ಈ ಮ್ಯೂಸಿಯಂ ನಗರಸಭೆಗೆ ಸೇರಿದ್ದು. 2023ರಲ್ಲಿ ನಡೆದ ಬ್ಯಾಂಕ್ಸಿಯ ಪ್ರದರ್ಶನದಂಥ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಇಲ್ಲಿ ಟಿಕೆಟ್ಟಿಲ್ಲ. ಎತ್ತರದ ಕೊರಿಂಥಿಯನ್ ಕಂಬಗಳ ಸಾಲನ್ನು ದಾಟಿ ನಾವು ಒಳಗೆ ಹೋದರೆ ಯಾರೂ ತಡೆಯುವುದಿಲ್ಲ, ಯಾರೂ ಹಣ ಕೇಳುವುದಿಲ್ಲ. ಕೆಳಗಿನ ನೆಲಮಾಳಿಗೆಯಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವೂ ಇದೆ. ಪತ್ರಿಕೆ ಓದಲು ಬಂದವನು ಮನಸ್ಸಾದರೆ ಮೇಲೆ ಹತ್ತಿ ಚಿತ್ರ ನೋಡಬಹುದು. ಮಳೆಗೆ ಹೆದರಿ ಒಳಗೆ ನುಗ್ಗಿದವನೂ ನೋಡಬಹುದು. ಗ್ಲಾಸ್ಗೋದಲ್ಲಿ ಮಳೆಗೇನೂ ಕೊರತೆಯಿಲ್ಲ.

ಇಲ್ಲಿರುವುದು ನಮ್ಮ ಕಾಲದ ಕಲೆ. ಅದರಲ್ಲಿಯೂ ಗ್ಲಾಸ್ಗೋದಲ್ಲಿ ಕಲಿತ, ಗ್ಲಾಸ್ಗೋದಲ್ಲಿ ಬಾಳಿದ ಕಲಾವಿದರ ಕೆಲಸಕ್ಕೆ ಇಲ್ಲಿ ದೊಡ್ಡ ಸ್ಥಾನವಿದೆ. ಹಡಗು ಕಟ್ಟುವ ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ಹಬ್ಬಿದ್ದ 1980ರ ದಶಕದಲ್ಲಿ ಈ ನಗರದ ಕಲಾಶಾಲೆಯಿಂದ ಒಂದು ಹೊಸ ತಲೆಮಾರು ಹೊರಬಂತು. ಪೀಟರ್ ಹೌಸನ್, ಕೆನ್ ಕರ್ರಿ, ಸ್ಟೀವನ್ ಕ್ಯಾಂಬೆಲ್, ಏಡ್ರಿಯನ್ ವಿಷ್ನೆವ್‌ಸ್ಕಿ ಮುಂತಾದವರು ಈ ಗುಂಪಿನವರು. ಅರಸರ ಮತ್ತು ಸಿರಿವಂತರ ಭಾವಚಿತ್ರಗಳ ಜಾಗದಲ್ಲಿ ಕುಡುಕರು, ಕೂಲಿಗಳು, ಬೀದಿ ಜಗಳಗಂಟರು ದೊಡ್ಡ ದೊಡ್ಡ ಕ್ಯಾನ್ವಾಸುಗಳ ಮೇಲೆ ಬಂದು ನಿಂತರು. ಹೌಸನ್ 1993ರಲ್ಲಿ ಅಧಿಕೃತ ಯುದ್ಧಚಿತ್ರಕಾರನಾಗಿ ಬೋಸ್ನಿಯಾಕ್ಕೆ ಹೋದವರು. ಅಲ್ಲಿ ಮುಸ್ಲಿಮ್ ಮಹಿಳೆಯರ ಮೇಲಾದ ಅತ್ಯಾಚಾರವನ್ನು ಕುರಿತು ಅವರು ಬರೆದ ಚಿತ್ರವನ್ನು, ಅವರನ್ನು ಕಳಿಸಿದ್ದ ಲಂಡನ್ನಿನ ಯುದ್ಧ ಮ್ಯೂಸಿಯಂ ಕೊಳ್ಳಲಿಲ್ಲ. ನೋಡಲು ಕಷ್ಟವಾಗುವುದನ್ನು ತೋರಿಸುವುದು ಈ ನಗರದ ಕಲಾವಿದರಿಗೆ ಹೊಸತೇನಲ್ಲ.

ಆದ್ದರಿಂದ ಗೋಮಾವನ್ನು ಕಂಡವರು ಅದನ್ನು ಮೆಚ್ಚಿಕೊಳ್ಳುವುದು ಸಹಜ. ಹಣವಿಲ್ಲದವನಿಗೂ ಕಲೆ ಸಿಗಬೇಕು, ಊರಿನ ಕಲೆ ಊರಿನವರಿಗೆ ಕಾಣಬೇಕು ಎಂಬ ಆಶಯದಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಗೋಡೆಯ ಮೇಲಿನ ಚಿತ್ರಗಳಿಂದ ಕಣ್ಣನ್ನು ತುಸು ಹೊರಳಿಸಿ ಆ ಗೋಡೆಗಳನ್ನೇ ನೋಡಿದರೆ ಬೇರೊಂದು ಕಥೆ ತೆರೆದುಕೊಳ್ಳುತ್ತದೆ.

ಹೊಗೆಸೊಪ್ಪಿನ ಮನೆ

ಈ ಕಟ್ಟಡ ಮೊದಲು ಒಂದು ಮನೆಯಾಗಿತ್ತು. 1778ರಲ್ಲಿ ವಿಲಿಯಂ ಕನಿಂಗ್‌ಹ್ಯಾಮ್ ಎಂಬ ಹೊಗೆಸೊಪ್ಪಿನ ವರ್ತಕ ಅದನ್ನು ಕಟ್ಟಿಸಿದ. ಆ ಕಾಲದಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಹೊಗೆಸೊಪ್ಪಿನ ಬಹುದೊಡ್ಡ ಪಾಲು ಗ್ಲಾಸ್ಗೋದ ಮೂಲಕ ಬಂದು ಫ್ರಾನ್ಸ್ ಮೊದಲಾದ ದೇಶಗಳಿಗೆ ಹೋಗುತ್ತಿತ್ತು. ಈ ವ್ಯಾಪಾರದಿಂದ ಕೊಬ್ಬಿದವರನ್ನು ಜನ ‘ಹೊಗೆಸೊಪ್ಪಿನ ದೊರೆಗಳು’ ಎಂದೇ ಕರೆದರು. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಯುದ್ಧಕ್ಕೆ ಇಳಿದಾಗ ಕನಿಂಗ್‌ಹ್ಯಾಮ್ ದಾಸ್ತಾನಿದ್ದ ಸೊಪ್ಪನ್ನು ಕೊಂಡಿಟ್ಟುಕೊಂಡು, ಸರಬರಾಜು ನಿಂತು ಬೆಲೆ ಹಲವು ಪಟ್ಟು ಏರಿದ ಮೇಲೆ ಮಾರಿದ. ನಗರದ ಅತಿ ಭವ್ಯ ಮನೆಗಳಲ್ಲೊಂದಾದ ಈ ಸೌಧ ಎದ್ದದ್ದು ಆ ಲಾಭದ ವರ್ಷಗಳಲ್ಲಿ.

ಆ ಸೊಪ್ಪನ್ನು ಬೆಳೆದವರು ಯಾರು? ವರ್ಜೀನಿಯಾ ಮತ್ತು ಮೇರಿಲ್ಯಾಂಡಿನ ಹೊಲಗಳಲ್ಲಿ ದುಡಿದ, ಆಫ್ರಿಕಾದಿಂದ ಸಂಕೋಲೆ ಹಾಕಿ ತಂದ ಗುಲಾಮರು ಮತ್ತು ಅವರ ಮಕ್ಕಳು. ಗಮನಿಸಬೇಕಾದ ಸಂಗತಿಯೆಂದರೆ, ಲಿವರ್‌ಪೂಲ್ ಅಥವಾ ಬ್ರಿಸ್ಟಲ್ಲಿಗೆ ಹೋಲಿಸಿದರೆ ಗ್ಲಾಸ್ಗೋದ ಕಡೆಯಿಂದ ನೇರವಾಗಿ ಗುಲಾಮರನ್ನು ಸಾಗಿಸಿದ ಹಡಗುಗಳು ಬಹಳ ಕಡಿಮೆ. ಇಲ್ಲಿನ ವರ್ತಕರು ಅಮೆರಿಕದ ಒಳನಾಡಿನಲ್ಲಿ ಅಂಗಡಿಗಳನ್ನಿಟ್ಟರು. ಬಟ್ಟೆ, ಕಬ್ಬಿಣದ ಸಾಮಾನುಗಳನ್ನು ತೋಟದ ಮಾಲೀಕರಿಗೆ ಸಾಲವಾಗಿ ಕೊಟ್ಟರು. ಸಾಲಕ್ಕೆ ಪ್ರತಿಯಾಗಿ ಸೊಪ್ಪನ್ನು ಪಡೆದರು. ಚಾವಟಿ ಬೇರೆಯವರ ಕೈಯಲ್ಲಿತ್ತು, ಲೆಕ್ಕದ ಪುಸ್ತಕ ಮಾತ್ರ ಇವರ ಕೈಯಲ್ಲಿತ್ತು. ಹೀಗಾಗಿ ತಮ್ಮ ನಗರಕ್ಕೆ ಗುಲಾಮಗಿರಿಯ ಕೊಳೆ ಅಂಟಿಲ್ಲ ಎಂದು ಬಹುಕಾಲ ನಂಬಿಕೊಂಡಿರಲು ಗ್ಲಾಸ್ಗೋದವರಿಗೆ ಸಾಧ್ಯವಾಯಿತು. ಪಾಪ ದೂರದಲ್ಲಿ ನಡೆದು ಲಾಭ ಹತ್ತಿರಕ್ಕೆ ಬಂದಾಗ ಮನುಷ್ಯನ ಮನಸ್ಸಾಕ್ಷಿ ಎಷ್ಟು ಸುಲಭವಾಗಿ ನಿದ್ರಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇಂದು ನಾವು ಉಡುವ ಬಟ್ಟೆ, ಹಿಡಿಯುವ ಮೊಬೈಲು ಎಲ್ಲಿ ಯಾರ ಕೈಯಲ್ಲಿ ತಯಾರಾದವು ಎಂದು ಕೇಳದ ನಮಗೂ ಈ ಮಾತು ಅನ್ವಯಿಸುತ್ತದೆ.

ಮುಂದೆ 1817ರಲ್ಲಿ ಮನೆ ಒಂದು ಬ್ಯಾಂಕಿನ ಪಾಲಾಯಿತು. ಒಂದು ದಶಕದ ನಂತರ ಅದನ್ನು ವರ್ತಕರ ವಿನಿಮಯ ಕೇಂದ್ರವನ್ನಾಗಿ ವಿಸ್ತರಿಸಲಾಯಿತು. ಇಂದು ನಾವು ಕಾಣುವ ಕಂಬಗಳ ಸಾಲು, ಒಳಗಿನ ವಿಶಾಲ ಸಭಾಂಗಣ ಆಗಿನವು. 1954ರಲ್ಲಿ ಇಲ್ಲಿಗೆ ಗ್ರಂಥಾಲಯ ಬಂತು, 1996ರಲ್ಲಿ ಕಲೆ ಬಂತು. ಒಬ್ಬನ ಮನೆ ಎರಡು ಶತಮಾನಗಳಲ್ಲಿ ಎಲ್ಲರ ಮನೆಯಾಯಿತು.

ಕುದುರೆಯ ಮೇಲಿನ ಗುರುತಿನ ಮನುಷ್ಯ

ಮ್ಯೂಸಿಯಮ್ಮಿನ ಮುಂದೆ ಕುದುರೆ ಏರಿದ ಒಬ್ಬ ಸೇನಾನಿಯ ಪ್ರತಿಮೆಯಿದೆ. ಮಾರೊಚೆಟ್ಟಿ ಎಂಬ ಶಿಲ್ಪಿ ಮಾಡಿದ ಇದನ್ನು 1844ರಲ್ಲಿ ನಿಲ್ಲಿಸಲಾಯಿತು. ಸೇನಾನಿಯ ತಲೆಯ ಮೇಲೆ ರಸ್ತೆ ಕಾಮಗಾರಿಯಲ್ಲಿ ಬಳಸುವ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಕೂತಿರುತ್ತದೆ. 1980ರ ದಶಕದಿಂದಲೂ ರಾತ್ರಿ ಹೊತ್ತು ಯಾರೋ ಹತ್ತಿ ಇಡುತ್ತಾರೆ, ನಗರಸಭೆಯವರು ತೆಗೆಯುತ್ತಾರೆ, ಮತ್ತೆ ಯಾರೋ ಇಡುತ್ತಾರೆ. 2013ರಲ್ಲಿ ಪೀಠವನ್ನು ಎತ್ತರಿಸಿ ಈ ಕೀಟಲೆಗೆ ಕೊನೆ ಹಾಡಲು ನಗರಸಭೆ ಯೋಚಿಸಿತು. ಸಾವಿರಾರು ಜನ ಮನವಿಗೆ ಸಹಿ ಹಾಕಿ ವಿರೋಧಿಸಿದ್ದರಿಂದ ಆ ಯೋಜನೆ ಬಿದ್ದುಹೋಯಿತು. ಬ್ರಿಟನ್ನಿನಲ್ಲಿ ತನಗೆ ಅತಿ ಪ್ರಿಯವಾದ ಕಲಾಕೃತಿ ಈ ಕೋನ್ ಹೊತ್ತ ಪ್ರತಿಮೆಯೇ ಎಂದೂ, ಪ್ರದರ್ಶನಕ್ಕೆ ಈ ಸ್ಥಳವನ್ನು ಆಯ್ದುಕೊಳ್ಳಲು ಅದೇ ಕಾರಣವೆಂದೂ ಬ್ಯಾಂಕ್ಸಿ ಹೇಳಿದ್ದುಂಟು.

ಈ ಸೇನಾನಿ ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. ಆದರೆ ಕನ್ನಡಿಗರಿಗೆ ಆತ ವಾಟರ್ಲೂಗಿಂತ ಮೊದಲೇ ಪರಿಚಿತ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಪಡೆಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಇದ್ದವನು ಇವನೇ. ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯಲ್ಲಿ ಹೋರಾಡುತ್ತ ಮಡಿದ ಮೇಲೆ, ಲೂಟಿಗೆ ತುತ್ತಾಗಿದ್ದ ಪಟ್ಟಣದ ಆಡಳಿತವನ್ನು ವಹಿಸಿಕೊಂಡವನೂ ಇವನೇ. ದರಿಯಾ ದೌಲತ್ ಬಾಗಿನಲ್ಲಿ ಆತ ವಾಸವಾಗಿದ್ದ. ಗ್ಲಾಸ್ಗೋದ ಪ್ರತಿಮೆಯ ಪೀಠದಲ್ಲಿ ಕೆತ್ತಿರುವ ಯುದ್ಧದೃಶ್ಯಗಳಲ್ಲಿ ಒಂದು ವಾಟರ್ಲೂವಿನದು, ಇನ್ನೊಂದು 1803ರಲ್ಲಿ ಮರಾಠರ ವಿರುದ್ಧ ನಡೆದ ಅಸ್ಸಾಯೆ ಯುದ್ಧದ್ದು. ಭಾರತದ ಯುದ್ಧಗಳಿಗೆಂದೇ 1787ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ 74ನೇ ಹೈಲ್ಯಾಂಡ್ ರೆಜಿಮೆಂಟು ಶ್ರೀರಂಗಪಟ್ಟಣದಲ್ಲೂ ಅಸ್ಸಾಯೆಯಲ್ಲೂ ಹೋರಾಡಿತ್ತು.

ಹೀಗೆ ಹಿಂದೆ ಆಫ್ರಿಕದವರ ದುಡಿಮೆಯ ಮನೆ, ಮುಂದೆ ನಮ್ಮ ಸೋಲಿನ ಸ್ಮಾರಕ, ನಡುವೆ ಟಿಕೆಟ್ಟಿಲ್ಲದ ಬಾಗಿಲು. ಟಿಕೆಟ್ಟನ್ನು ಯಾರೋ ಮೊದಲೇ ಕೊಂಡಿದ್ದಾರೆ.

ಆಯ್ದಕ್ಕಿಯ ಪ್ರಶ್ನೆ

ಅನ್ಯಾಯದ ಹಣ ಸತ್ಕಾರ್ಯಕ್ಕೆ ಬಳಕೆಯಾದರೆ ಶುದ್ಧವಾಗುತ್ತದೆಯೇ? ಈ ಪ್ರಶ್ನೆ ನಮ್ಮ ನೆಲಕ್ಕೆ ಹಳೆಯದು. ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ದಾನಕ್ಕೆಂದೇ ತಂದದ್ದು ಎಂಬ ಸಮಾಧಾನ ಅವಳಿಗೆ ಸಾಕಾಗಲಿಲ್ಲ. ಕೊಡುವ ಕೈ ಪವಿತ್ರವಾಗಬೇಕಾದರೆ ಮೊದಲು ತರುವ ಕೈ ಪವಿತ್ರವಾಗಿರಬೇಕು ಎಂಬ ನಿಲುವು ಅವಳದು.

ಇಸ್ಲಾಮೀ ನ್ಯಾಯಶಾಸ್ತ್ರದ ವಿದ್ವಾಂಸರೂ ಈ ವಿಷಯವನ್ನು ಆಳವಾಗಿ ಚರ್ಚಿಸಿದ್ದಾರೆ. ನಿಷಿದ್ಧ ಮಾರ್ಗದಿಂದ ಬಂದ ಸಂಪತ್ತು ದಾನ ಮಾಡಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಅದನ್ನು ಹಕ್ಕುದಾರನಿಗೆ ಮರಳಿಸಬೇಕು, ಆತ ಇಲ್ಲದಿದ್ದರೆ ವಾರಸುದಾರರಿಗೆ. ಅವರಾರೂ ಪತ್ತೆಯಾಗದ ಸ್ಥಿತಿಯಲ್ಲಿ ಅದನ್ನು ಬಡವರಿಗೆ ಅಥವಾ ಜನಹಿತದ ಕೆಲಸಕ್ಕೆ ಕೊಟ್ಟುಬಿಡಬೇಕು ಎಂಬುದು ಇಮಾಮ್ ಗಝಾಲಿಯವರಂಥ ಹಲವರ ಅಭಿಪ್ರಾಯ. ಆದರೆ ಹಾಗೆ ಕೊಡುವವನು ತನಗೆ ದಾನದ ಪುಣ್ಯ ಬರುತ್ತದೆಂದು ಆಶಿಸುವಂತಿಲ್ಲ. ಆತ ಒಂದು ಭಾರವನ್ನು ಇಳಿಸಿಕೊಂಡನಷ್ಟೇ. ಪುಣ್ಯವೇನಾದರೂ ಇದ್ದರೆ ಅದು ಕಳೆದುಕೊಂಡವನಿಗೆ ಸೇರಬೇಕಾದದ್ದು.

ಈ ಎರಡು ಚಿಂತನೆಗಳು ಬೇರೆ ಬೇರೆ ಮೂಲದವು. ಆದರೂ ಎರಡನ್ನೂ ಜೊತೆಗಿಟ್ಟು ನೋಡಿದರೆ ಗ್ಲಾಸ್ಗೋದ ಬಾಗಿಲಿಗೆ ಬೇಕಾದ ಬೆಳಕು ಸಿಗುತ್ತದೆ. ಹೊಗೆಸೊಪ್ಪನ್ನು ಬೆಳೆದವರಿಗೆ ಅವರ ದುಡಿಮೆಯನ್ನು ಮರಳಿಸಲು ಯಾರಿಂದಲೂ ಸಾಧ್ಯವಿಲ್ಲ. ಅವರ ಹೆಸರುಗಳನ್ನು ಸಹ ಬಹುಪಾಲು ಯಾರೂ ಬರೆದಿಡಲಿಲ್ಲ. ಹಾಗಾಗಿ ಆ ಮನೆ ಎಲ್ಲರದಾಗಿರುವುದು ಸರಿಯೇ. ಆದರೆ ಅದನ್ನು ನಗರದ ಔದಾರ್ಯವೆಂದು ಕರೆಯುವುದು ತಪ್ಪು. ಅದು ಕೊಡಬೇಕಾದವರಿಗೆ ಕೊಡಲಾಗದೆ ಉಳಿದ ಸಾಲ. ಸಾಲವನ್ನು ಸಾಲವೆಂದು ಒಪ್ಪಿಕೊಂಡು ಎಲ್ಲರೆದುರು ಇಟ್ಟಾಗ ಮಾತ್ರ ಆ ಬಾಗಿಲು ತೆರೆದಿರುವುದಕ್ಕೆ ಅರ್ಥವಿದೆ. ಒಪ್ಪಿಕೊಳ್ಳದೆ ತೆರೆದರೆ, ಕದ್ದ ದಟ್ಟಿಯನ್ನು ಧರ್ಮವೆಂದು ಹಂಚಿದಂತೆ.

ಒಪ್ಪಿಕೊಳ್ಳುವುದು ಎಷ್ಟು ಕಷ್ಟ

ಒಪ್ಪಿಕೊಳ್ಳುವುದು ತಡವಾಗಿಯೇ ಆಯಿತು. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದತಿಯ ಕಾಯಿದೆ ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಅದು ಗುಲಾಮರಿಗೆ ಸಿಗಲಿಲ್ಲ. ಗುಲಾಮರನ್ನು ‘ಕಳೆದುಕೊಂಡ’ ಮಾಲೀಕರಿಗೆ ಸಿಕ್ಕಿತು. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಅಂದರೆ ಗುಲಾಮರ ಸಂತತಿಯವರಾಗಿ ಬ್ರಿಟನ್ನಿನಲ್ಲಿ ಹುಟ್ಟಿ ತೆರಿಗೆ ಕಟ್ಟಿದವರೂ ತಮ್ಮ ಪೂರ್ವಜರ ಒಡೆಯರಿಗೆ ಕೊಟ್ಟ ಪರಿಹಾರದ ಸಾಲವನ್ನು ತೀರಿಸುತ್ತಿದ್ದರು! ಮ್ಯೂಸಿಯಮ್ಮುಗಳ ಉಚಿತ ಬಾಗಿಲು ನಡೆಯುವುದೂ ತೆರಿಗೆಯಿಂದಲೇ. ಲೆಕ್ಕವನ್ನು ಬಿಡಿಸುತ್ತ ಹೋದರೆ ‘ಉಚಿತ’ ಎಂಬ ಪದದ ಒಳಗೆ ಎಷ್ಟೊಂದು ಜನ ಸಿಗುತ್ತಾರೆ.

2022ರಲ್ಲಿ ಗ್ಲಾಸ್ಗೋ ನಗರಸಭೆ ಇತಿಹಾಸಕಾರ ಸ್ಟೀಫನ್ ಮಲ್ಲೆನ್ ಸಿದ್ಧಪಡಿಸಿದ ಅಧ್ಯಯನವನ್ನು ಪ್ರಕಟಿಸಿತು. 1636ರಿಂದ 1834ರವರೆಗೆ ನಗರದ ಪ್ರಥಮ ಪ್ರಜೆಗಳಾಗಿದ್ದ 79 ಜನರಲ್ಲಿ 40 ಜನರಿಗೆ ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ನಂಟಿತ್ತು ಎಂದು ಅದು ತೋರಿಸಿತು. ಅಂಥವರ ನಂಟಿನ ಹೆಸರು ಹೊತ್ತ 62 ಬೀದಿಗಳನ್ನೂ ಗುರುತಿಸಿತು. ನಗರಸಭೆಯ ನಾಯಕಿ ಸೂಸನ್ ಏಟ್‌ಕೆನ್ ನಗರದ ಪರವಾಗಿ ಕ್ಷಮೆ ಕೇಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಗ್ಲಾಸ್ಗೋದ ಮ್ಯೂಸಿಯಮ್ಮುಗಳು ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಅವುಗಳಲ್ಲಿ ಆರು ಉತ್ತರ ಭಾರತದ ಗುಡಿಗಳಿಂದ 19ನೇ ಶತಮಾನದಲ್ಲಿ ಒಯ್ದವು. ಏಳನೆಯದು 1905ರಲ್ಲಿ ಹೈದರಾಬಾದ್ ನಿಜಾಮರ ಸಂಗ್ರಹದಿಂದ ಕಳವಾಗಿ ಮಾರಾಟವಾದ ಒಂದು ಖಡ್ಗ. ಅದಕ್ಕೂ ಮೊದಲು, 1999ರಲ್ಲಿಯೇ, ಅಮೆರಿಕದ ಮೂಲನಿವಾಸಿ ಲಕೋಟಾ ಜನರಿಗೆ ಅವರ ಪವಿತ್ರ ಅಂಗಿಯೊಂದನ್ನು ಈ ನಗರ ಹಿಂದಿರುಗಿಸಿತ್ತು. ಹಕ್ಕುದಾರರು ಗೊತ್ತಿದ್ದಾಗ ಮರಳಿಸಬೇಕು, ಗೊತ್ತಿಲ್ಲದಾಗ ಸತ್ಯ ಹೇಳಿ ಎಲ್ಲರದಾಗಿಸಬೇಕು. ಎರಡೂ ಬೇರೆ ಬೇರೆ ಕರ್ತವ್ಯಗಳು. ಒಂದನ್ನು ಮಾಡಿ ಇನ್ನೊಂದರಿಂದ ನುಣುಚಿಕೊಳ್ಳುವಂತಿಲ್ಲ.

ಕ್ಷಮೆ ಕೇಳಿದ್ದರಿಂದ ಏನಾಯಿತು, ಸತ್ತವರು ಎದ್ದು ಬಂದರೇ ಎಂದು ಕೇಳುವವರಿದ್ದಾರೆ. ಇನ್ನು ಕೆಲವರು ಇಂಥ ಕಟ್ಟಡವನ್ನು ಕೆಡವಿಬಿಡಬೇಕು, ಪ್ರತಿಮೆಯನ್ನು ಕಿತ್ತು ಹಾಕಬೇಕು ಎನ್ನುತ್ತಾರೆ. ಮೊದಲನೆಯವರು ಮರೆವನ್ನು ಬಯಸುತ್ತಾರೆ. ಎರಡನೆಯವರಿಗೆ ಸಿಟ್ಟಿದೆ, ಆ ಸಿಟ್ಟಿಗೆ ನ್ಯಾಯವೂ ಇದೆ. ಆದರೆ ಕೆಡವಿದ ಕಟ್ಟಡ ಸಾಕ್ಷಿ ಹೇಳಲಾರದು. ಗ್ಲಾಸ್ಗೋದ ಜನ ಕೋನ್ ಇಟ್ಟು ಸೇನಾನಿಯನ್ನು ಕೆಡವದೆಯೇ ಅವನ ಗತ್ತನ್ನು ಇಳಿಸಿದ್ದಾರೆ. ಅವರ ಮನಸ್ಸಿನಲ್ಲಿ ಶ್ರೀರಂಗಪಟ್ಟಣ ಇತ್ತೆಂದು ನಾವು ಭ್ರಮಿಸಬೇಕಾಗಿಲ್ಲ. ದೊಡ್ಡವರೆನಿಸಿಕೊಂಡವರನ್ನು ಕಂಡು ನಗುವ ಸ್ವಭಾವ ಆ ಊರಿನದು. ಆದರೂ ವಿಜೇತನ ಪ್ರತಿಮೆಯನ್ನು ಕಂಡು ಮೊದಲು ನಗು ಬರುವ ಜಾಗದಲ್ಲಿ ಸತ್ಯವನ್ನು ಮಾತಾಡುವುದು ಸ್ವಲ್ಪ ಸುಲಭ.

ಎಲ್ಲರಿಗೂ ಎಂದರೆ ಯಾರಿಗೆ?

ಬಾಗಿಲು ತೆರೆದಿದ್ದರೆ ಸಾಕೇ? ನಮ್ಮ ಊರುಗಳಲ್ಲಿಯೇ ನೋಡೋಣ. ಉಚಿತವೆಂದು ಬರೆದಿರುವ ಎಷ್ಟೋ ಕಲಾ ಗ್ಯಾಲರಿಗಳ ಒಳಗೆ ಕೂಲಿಯವನು ಕಾಲಿಡುವುದಿಲ್ಲ. ಅವನನ್ನು ತಡೆಯುವ ನಿಯಮವೇನೂ ಇರುವುದಿಲ್ಲ. ಆದರೆ ಕಾವಲುಗಾರನ ನೋಟ, ನುಣುಪಾದ ನೆಲ, ಗೋಡೆಯ ಮೇಲಿನ ಇಂಗ್ಲಿಷು, ಪಿಸುಮಾತಿನ ಮೌನ ಎಲ್ಲ ಸೇರಿ ಇದು ನಿನ್ನ ಜಾಗವಲ್ಲ ಎಂದು ಹೇಳುತ್ತವೆ. ಹಣದ ತಡೆಗಿಂತ ಸಂಕೋಚದ ತಡೆ ಗಟ್ಟಿಯಾದದ್ದು. ತಲೆತಲಾಂತರದಿಂದ ‘ಹೊರಗೆ ನಿಲ್ಲು’ ಎನಿಸಿಕೊಂಡವರಿಗೆ ತೆರೆದ ಬಾಗಿಲೂ ಮುಚ್ಚಿದಂತೆಯೇ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಗೋಮಾ ಆರಂಭವಾದಾಗ ಇದೇ ವಿಷಯದ ಮೇಲೆ ದೊಡ್ಡ ಜಗಳವಾಯಿತು. ಅಂದಿನ ನಿರ್ದೇಶಕ ಜೂಲಿಯನ್ ಸ್ಪಾಲ್ಡಿಂಗ್, ಸಾಮಾನ್ಯ ಜನ ನಿಂತು ನೋಡಿ ಆನಂದಿಸುವಂಥ ಕಲೆ ಬೇಕು ಎಂದು ಹಟ ಹಿಡಿದರು. ನಾಲ್ಕು ಅಂತಸ್ತುಗಳಿಗೆ ಬೆಂಕಿ, ಭೂಮಿ, ನೀರು, ಗಾಳಿ ಎಂದು ಹೆಸರಿಟ್ಟರು. ಹೌಸನ್ನರ ಚಿತ್ರಗಳ ಜೊತೆಗೆ ಬೆರಿಲ್ ಕುಕ್‌ರ ನಗೆ ಉಕ್ಕಿಸುವ ದಪ್ಪ ಹೆಂಗಸರೂ ಅಲ್ಲಿದ್ದರು. ವಿಮರ್ಶಕರು ಇದನ್ನು ಅಗ್ಗದ ಅಭಿರುಚಿ ಎಂದು ಹಳಿದರು. ಹೊರಜಗತ್ತಿನಲ್ಲಿ ಆಗ ಹೆಸರು ಮಾಡುತ್ತಿದ್ದ ಗ್ಲಾಸ್ಗೋದ ಕಿರಿಯ ಕಲಾವಿದರನ್ನೇ ಕಡೆಗಣಿಸಲಾಗಿದೆ ಎಂದು ಆ ಊರಿನ ಕಲಾವಲಯ ಸಿಟ್ಟಾಯಿತು. ಎರಡೂ ಕಡೆ ಸತ್ಯವಿತ್ತು. ಜನರಿಗೆ ಅರ್ಥವಾಗದ್ದನ್ನು ಜನರ ಹೆಸರಿನಲ್ಲಿ ಇಡುವುದು ಅಹಂಕಾರ. ಜನರಿಗೆ ಇಷ್ಟೇ ಅರ್ಥವಾಗುತ್ತದೆ ಎಂದು ಮೊದಲೇ ತೀರ್ಮಾನಿಸುವುದೂ ಅಹಂಕಾರವೇ. ‘ಸ್ಥಳೀಯ’ ಎಂಬ ಪದವನ್ನು ಯಾರು ವಿವರಿಸಬೇಕು ಎಂಬುದು ಇಂದಿಗೂ ಸುಲಭದ ಪ್ರಶ್ನೆಯಲ್ಲ.

ನಮ್ಮ ದೃಷ್ಟಿಯಲ್ಲಿ ಆ ಮ್ಯೂಸಿಯಂ ಈ ಪ್ರಶ್ನೆಗೆ ಕೊಟ್ಟ ಅತ್ಯುತ್ತಮ ಉತ್ತರ 2003ರ ‘ಸ್ಯಾಂಕ್ಚುಯರಿ’ ಪ್ರದರ್ಶನ. ಆಶ್ರಯ ಎಂಬುದು ಅದರ ಅರ್ಥ. 2000ದಿಂದ ಬ್ರಿಟಿಷ್ ಸರಕಾರ ಆಶ್ರಯ ಕೋರಿ ಬಂದವರನ್ನು ಗ್ಲಾಸ್ಗೋಗೆ ಕಳಿಸತೊಡಗಿತ್ತು. ಕುರ್ದ್, ಇರಾಕಿ, ಅಫ್ಘಾನ್, ಸೋಮಾಲಿ ಕುಟುಂಬಗಳು ಬಡವರೇ ವಾಸಿಸುವ ಎತ್ತರದ ಕಟ್ಟಡಗಳಲ್ಲಿ ಬಂದು ನೆಲೆಸಿದವು. ಬಡವರಿಗೂ ಬಡವರಿಗೂ ಜಗಳ ಹತ್ತಿಕೊಂಡಿತು. 2001ರ ಆಗಸ್ಟಿನಲ್ಲಿ ಸೈಟ್‌ಹಿಲ್ ಬಡಾವಣೆಯಲ್ಲಿ ಒಬ್ಬ ಕುರ್ದ್ ಯುವಕನನ್ನು ಇರಿದು ಕೊಲ್ಲಲಾಯಿತು. ಎರಡು ವರ್ಷಗಳೊಳಗೆ ಗೋಮಾ, ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಜೊತೆ ಸೇರಿ, ನಿರಾಶ್ರಿತರ ಬದುಕನ್ನೇ ವಿಷಯವಾಗಿಸಿ ಪ್ರದರ್ಶನ ನಡೆಸಿತು. ಊರಿಗೆ ಹೊಸದಾಗಿ ಬಂದವರನ್ನೂ ಅದರ ಕಾರ್ಯಕ್ರಮಗಳಲ್ಲಿ ತೊಡಗಿಸಿತು. ಮುಂದೆ 2005ರಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯದ ಕುರಿತು, 2007ರಲ್ಲಿ ಕ್ರೈಸ್ತ ಪಂಗಡಗಳ ನಡುವಿನ ದ್ವೇಷದ ಕುರಿತು ಅಂಥದೇ ಪ್ರದರ್ಶನಗಳು ನಡೆದವು.

ದಾಸ್ಯದ ಹಣದಲ್ಲಿ ಎದ್ದ ಮನೆಯಲ್ಲಿ ಮನೆ ಕಳೆದುಕೊಂಡವರ ಅಳಲು ಕೇಳಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಹಳೆಯ ಹಕ್ಕುದಾರರನ್ನು ಹುಡುಕಲಾಗದಿದ್ದರೆ ಇಂದಿನ ನಿರ್ಗತಿಕರನ್ನಾದರೂ ಒಳಗೆ ಕರೆಯಬೇಕಲ್ಲವೇ? ಸಾಲ ತೀರಿಸುವ ದಾರಿಗಳಲ್ಲಿ ಅದೂ ಒಂದು. ಚಿತ್ರದಿಂದ ಯಾರಿಗೂ ವೀಸಾ ಸಿಗಲಿಲ್ಲ, ಯಾರ ಹೊಟ್ಟೆಯೂ ತುಂಬಲಿಲ್ಲ, ನಿಜ. ಆದರೆ ಪಕ್ಕದ ಬಡಾವಣೆಯ ಅಪರಿಚಿತನ ಮುಖವನ್ನು ಎರಡು ನಿಮಿಷ ದಿಟ್ಟಿಸಿ ನೋಡಿದವನು ನಾಳೆ ಅವನ ಮೇಲೆ ಕೈಯೆತ್ತುವ ಮುನ್ನ ಒಮ್ಮೆ ತಡೆದಾನು ಎಂದು ಆಶಿಸುವುದು ತಪ್ಪಲ್ಲ.

ನಮ್ಮ ಮೊಳಗೋಲು

ಇಷ್ಟು ಹೊತ್ತು ಪರರ ಮನೆಯನ್ನು ಅಳೆದ ನಾವು ಅದೇ ಮೊಳಗೋಲನ್ನು ನಮ್ಮ ಅಂಗಳಕ್ಕೆ ತರದಿದ್ದರೆ ಅದು ನ್ಯಾಯವಾಗದು. ವೆಲಿಂಗ್ಟನ್ ವಾಸವಿದ್ದ ದರಿಯಾ ದೌಲತ್‌ಗೆ ಬರೋಣ. ಅದರ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ವರ್ಣಚಿತ್ರವಿದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಚಿತ್ರ. ಬರೆದಾಗ ಅದು ಆ ಕಾಲದ ಸಮಕಾಲೀನ ಕಲೆ, ಈ ನೆಲದ ಸ್ಥಳೀಯ ಕಲೆ. ಮುತ್ತಿಗೆಗೆ ಮುನ್ನ ಅದಕ್ಕೆ ಸುಣ್ಣ ಬಳಿಯಲಾಗಿತ್ತು, ಅದನ್ನು ಮತ್ತೆ ಬರೆಸಿದವನು ವೆಲ್ಲೆಸ್ಲಿಯೇ. ಬ್ರಿಟಿಷರ ಸೋಲಿನ ಚಿತ್ರವನ್ನು ಬ್ರಿಟಿಷ್ ಸೇನಾನಿ ಉಳಿಸಿದ್ದು ಇತಿಹಾಸದ ವಿಚಿತ್ರಗಳಲ್ಲೊಂದು.

ಆ ಗೋಡೆಯ ಮುಂದೆ ನಿಂತಾಗ ನಮ್ಮಲ್ಲಿ ಅನೇಕರ ಎದೆ ಉಬ್ಬುತ್ತದೆ. ಉಬ್ಬಲಿ. ಸಾಮ್ರಾಜ್ಯಶಾಹಿಗೆ ತಲೆಬಾಗದೆ ಮಡಿದ ದೊರೆಯ ನೆನಪು ಗೌರವಕ್ಕೆ ಪಾತ್ರವಾದದ್ದೇ. ಆದರೆ ಅದೇ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ನಡೆಸಿಕೊಂಡು ಬರಲಾಯಿತು ಎಂಬುದೂ, ಕೊಡಗಿನ ಜನರನ್ನೂ ಸೆರೆಯಾಗಿ ತರಲಾಯಿತು ಎಂಬುದೂ ಇತಿಹಾಸವೇ. ಬದುಕುಳಿದ ಕ್ರೈಸ್ತರು ಊರಿಗೆ ಮರಳಲು 1799ರವರೆಗೆ ಕಾಯಬೇಕಾಯಿತು. ದ್ವೇಷದ ರಾಜಕಾರಣ ಈ ಸಂಗತಿಗಳನ್ನು ಇಂದಿನ ಮುಸ್ಲಿಮರ ಮೇಲೆ ಎತ್ತಿ ಎಸೆಯುತ್ತದೆ ಎಂಬ ಕಾರಣಕ್ಕೆ ಅವುಗಳನ್ನು ನುಂಗಿಕೊಳ್ಳುವುದು ಉತ್ತರವಾಗದು. ಮೊಮ್ಮಕ್ಕಳ ಮೇಲೆ ಅಜ್ಜಂದಿರ ಅಪರಾಧವನ್ನು ಹೊರಿಸುವುದು ಅನ್ಯಾಯ. ಅಜ್ಜಂದಿರ ವೈಭವವನ್ನು ಮಾತ್ರ ಪಿತ್ರಾರ್ಜಿತವೆಂದು ಪಡೆದು, ಅವರ ಸಾಲಪತ್ರವನ್ನು ಹರಿದು ಹಾಕುವುದೂ ಅನ್ಯಾಯವೇ. ಗ್ಲಾಸ್ಗೋದವರಿಂದ ನಾವು ಏನನ್ನು ನಿರೀಕ್ಷಿಸುತ್ತೇವೋ ಅದನ್ನು ನಮ್ಮಿಂದಲೂ ನಿರೀಕ್ಷಿಸಬೇಕು.

ಇದು ಒಂದು ಸಮುದಾಯಕ್ಕೆ ಹೇ‍ಳುವ ಮಾತಲ್ಲ. ನಮ್ಮ ನಾಡಿನ ಯಾವ ಕೋಟೆ, ಯಾವ ಅರಮನೆ, ಯಾವ ಗೋಪುರ, ಯಾವ ಗುಮ್ಮಟ ಬಿಟ್ಟಿ ಚಾಕರಿಯಿಲ್ಲದೆ ಎದ್ದಿದೆ? ಶಾಸನಗಳಲ್ಲಿ ದತ್ತಿ ಕೊಟ್ಟ ದೊರೆಯ ಹೆಸರಿದೆ, ಶಿಲ್ಪಿಯ ಹೆಸರು ಅಲ್ಲಲ್ಲಿ ಇದೆ. ಕಲ್ಲು ಹೊತ್ತವರ ಹೆಸರು ಯಾವ ಶಾಸನದಲ್ಲಿ ಸಿಗುತ್ತದೆ? ಕಟ್ಟಿದವರ ಮಕ್ಕಳಿಗೇ ಕಟ್ಟಡದ ಒಳಗೆ ಪ್ರವೇಶವಿಲ್ಲದ ಕಾಲ ತೀರ ಹಳೆಯದೇನೂ ಅಲ್ಲ. ಹೊಗೆಸೊಪ್ಪಿನ ಮಾತು ಬಂದಾಗ ಕರಾವಳಿಯ ಓದುಗರಿಗೆ ಬೇರೊಂದು ನೆನಪೂ ಬಾರದಿರದು. ಎಲ್ಲ ಸಮುದಾಯಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿ ಮೇಲೆ ಬಂದದ್ದು ತಾಯಂದಿರು ಕಟ್ಟಿದ ಬೀಡಿಯ ಮಜೂರಿಯಿಂದ. ಗುಲಾಮಗಿರಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೂ ನಮ್ಮ ‘ಉಚಿತ’ ಶಿಕ್ಷಣದ ಬೆಲೆಯನ್ನು ತೆತ್ತ ಬೆರಳುಗಳು ಯಾವುವು ಎಂದು ಕೇಳಿಕೊಳ್ಳಲು ಅದು ಸಾಕು.

ಬೆಲೆ ತೆರುವ ಹೊಣೆಯನ್ನು ಇಂದು ಯಾರು ಹೊರಬೇಕು ಎಂಬ ವಿವಾದ ಬೆಂಗಳೂರಿನಲ್ಲೂ ನಡೆದಿದೆ. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರ ಹೆಸರಿನ ಸರಕಾರಿ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ‘ದತ್ತು’ ಕೊಡುವ ಒಪ್ಪಂದ 2015ರಲ್ಲಿ ಆಯಿತು. ಕಡಿಮೆ ಬಾಡಿಗೆಗೆ ಚಿತ್ರಗಳನ್ನು ತೂಗುಹಾಕಲು ಇದ್ದ ಸಾರ್ವಜನಿಕ ಗೋಡೆ ಕೈತಪ್ಪುತ್ತದೆಂದು ಕಲಾವಿದರು ಬೀದಿಗಿಳಿದರು. 2016ರಲ್ಲಿ ಪ್ರತಿಭಟನೆ ಬಲವಾಯಿತು. ಕೊನೆಗೆ ಆ ಒಪ್ಪಂದ ಜಾರಿಗೆ ಬರಲಿಲ್ಲ. ಸರಕಾರ ಸರಿಯಾಗಿ ನೋಡಿಕೊಳ್ಳುವುದಿಲ್ಲ, ಖಾಸಗಿಯವರಿಗೆ ಕೊಟ್ಟರೆ ನಮ್ಮದಾಗಿ ಉಳಿಯುವುದಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಬೇಕಾದರೆ ಸಾರ್ವಜನಿಕರು ತಮ್ಮ ಮ್ಯೂಸಿಯಮ್ಮುಗಳಿಗೆ ಮೊದಲು ಹೋಗಬೇಕು. ಯಾರೂ ಕಾಲಿಡದ ಜಾಗವನ್ನು ಯಾರು ತೆಗೆದುಕೊಂಡರೂ ಕೇಳುವವರಿರುವುದಿಲ್ಲ.

ಹಾಗಾದರೆ ಉಚಿತವಾಗಿ ಒಳಗೆ ಹೋಗುವ ನಾವು ಏನನ್ನು ಕೊಡಬೇಕು? ಹಣವನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಗಮನವನ್ನು. ಚಿತ್ರದ ಮುಂದೆ ನಿಂತು ನೋಡುವುದು, ಪಕ್ಕದ ಫಲಕವನ್ನು ಓದುವುದು, ಅದರಲ್ಲಿ ಬರೆಯದೆ ಬಿಟ್ಟದ್ದೇನು ಎಂದು ಕೇಳುವುದು, ಮಕ್ಕಳಿಗೆ ಕಟ್ಟಡದ ಅಂದವನ್ನು ತೋರಿಸುವಾಗ ಅದನ್ನು ಕಟ್ಟಿದವರ ಬಗೆಗೂ ಒಂದು ಮಾತು ಹೇಳುವುದು. ಅಂದವನ್ನು ಅನುಭವಿಸಬಾರದೆಂದು ನಾವು ಹೇಳುತ್ತಿಲ್ಲ. ಹಂಗು ಯಾರದೆಂದು ತಿಳಿದು ಅನುಭವಿಸಿದರೆ ಅಂದವೇನೂ ಕಡಿಮೆಯಾಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಹಳೆಯ ಕಚೇರಿಗಳು, ಬಂಗಲೆಗಳು, ವಾಡೆಗಳು ಮ್ಯೂಸಿಯಮ್ಮುಗಳಾಗಿ ಮಾರ್ಪಡುತ್ತಿರುವ ಕಾಲವಿದು. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಹೇಗೂ ಇರುತ್ತದೆ. ಅದರ ಕೆಳಗೆ ಆ ಗೋಡೆಗಳ ಬೆಲೆ ತೆತ್ತವರ ಕುರಿತು ಕನ್ನಡದಲ್ಲಿ ಎರಡು ಸಾಲನ್ನಾದರೂ ಬರೆಸಿ ಎಂದು ಕೇಳುವವರು ಪ್ರತಿ ಊರಿನಲ್ಲಿ ನಾಲ್ಕು ಜನರಾದರೂ ಇರಬೇಕು. ಹಾಗೆ ಕೇಳುವುದಕ್ಕೆ ಟಿಕೆಟ್ಟು ಬೇಕಿಲ್ಲ.